ಬಾಟಲಿ ತೊಳೆದವನು

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹೇಳದಿದ್ದರೆ ನನ್ನ ತಮ್ಮ ಹೇಳುತ್ತಾನೆ, ಅದೂ ಉಪ್ಪುಖಾರ ಹಚ್ಚಿ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಉಸಿರು ಬಿಗಿಹಿಡಿಯುತ್ತೇನೆ. ಕುಕ್ಕರು ಬುಸುಗುಟ್ಟಿದರೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ. ಇಂಥವಳಿಗೆ ಗಂಟುಬಿದ್ದದ್ದು ಸುರಂಗದ ಕೆಲಸ. ದೊಡ್ಡ ಸರೋವರವೊಂದರ ಅಡಿಯಲ್ಲಿ ರೈಲಿಗಾಗಿ ಸುರಂಗ ಕೊರೆಯುತ್ತಿದ್ದರು. ಅದರ ಬಾಯಿಯ ಪಕ್ಕದಲ್ಲೇ ತಗಡಿನ ಸೂರಿನ ಲ್ಯಾಬು. ಅದರೊಳಗೆ ನಾನು, ನನ್ನ ಸೂಕ್ಷ್ಮದರ್ಶಕ, ಆಸಿಡ್ಡಿನ ಹೊಗೆಯನ್ನು ಹೊರಗೆ ದೂಡುತ್ತ ದಿನವಿಡೀ ಗೊರಗುಟ್ಟುವ ಒಂದು ಫ್ಯಾನು. ಸುರಂಗದೊಳಗೆ ಮಾತ್ರ ನಾನು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ.

ಒಳಗೆ ಹೋಗುತ್ತಿದ್ದವನು ತಮ್ಮ. ಕೊರೆಯುವ ಯಂತ್ರದ ತಂಡದಲ್ಲಿ ಅವನಿದ್ದ. ಅಮ್ಮ ಹೋದ ಮೇಲೆ ನಮಗೆ ನಾವಿಬ್ಬರೇ. ಕಂಪನಿ ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದೆವು, ಒಟ್ಟಿಗೇ ಜಗಳವಾಡುತ್ತಿದ್ದೆವು. ಅವನಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ. ಅವನ ಪಾಲಿನದೂ ನನಗೇ ಬಂದಿರಬೇಕು. ಚಿಕ್ಕಂದಿನಲ್ಲಿ ಪಕ್ಕದ ಮನೆಯವರ ಮರ ಹತ್ತಿ ಹಣ್ಣು ಕದಿಯುತ್ತಿದ್ದವನು ಅವನು, ಕೆಳಗೆ ಕಾವಲು ನಿಂತು ನಡುಗುತ್ತಿದ್ದವಳು ನಾನು. ಮನೆಯವರು ಬರುವುದು ಕಂಡರೆ ನಾನು ಕೂಗಬೇಕಾದ ಮಾತು ಒಂದೇ: "ಹಾಲು ಉಕ್ತಾ ಇದೆ!" ನಮ್ಮ ಅಮ್ಮ ಒಲೆಯ ಮೇಲೆ ಹಾಲಿಟ್ಟು ಮರೆಯುವುದರಲ್ಲಿ ಹೆಸರಾದವಳು, ಹಾಗಾಗಿ ಆ ಕೂಗಿನ ಬಗ್ಗೆ ಬೀದಿಯಲ್ಲಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅದು ಕಿವಿಗೆ ಬಿದ್ದರೆ ಯಾಕೆ, ಏನು ಎಂದು ಕೇಳದೆ ಅವನು ಕೆಳಗೆ ಧುಮುಕಬೇಕು. ಆ ಮಾತನ್ನು ತಮಾಷೆಗೆ ಹೇಳಬಾರದೆಂದು ನಮ್ಮಲ್ಲಿ ಆಣೆಯಾಗಿತ್ತು. ನಾನು ಎಂದೂ ಹೇಳಲಿಲ್ಲ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳಿ ಹೇಳಿ ಬಾಯಿ ಬಿದ್ದುಹೋಗಿತ್ತು. ಒಳಗಿಂದ ಬರುವ ಕಲ್ಲಿನ ಪುಡಿಯನ್ನು ಆಸಿಡ್ಡಿಗೆ ಹಾಕುತ್ತೇನೆ. ಕಲ್ಲು ಕರಗುತ್ತದೆ. ಕರಗದೆ ಉಳಿಯುವುದು ಹೂವಿನ ಪರಾಗ. ಯಾವ ಕಾಲದಲ್ಲೋ ಯಾವುದೋ ಮರದಿಂದ ಗಾಳಿಗೆ ಹಾರಿ, ಸಮುದ್ರದ ತಳದ ಕೆಸರಿನಲ್ಲಿ ಹೂತುಹೋದ ಕಣ. ಸುತ್ತಲಿನ ಕೆಸರೆಲ್ಲ ಕಲ್ಲಾದರೂ ಅದು ಮಾತ್ರ ತನ್ನ ಆಕಾರ ಬಿಟ್ಟುಕೊಟ್ಟಿರುವುದಿಲ್ಲ. ಅದರ ಜೊತೆಗೆ ಆ ಸಮುದ್ರದಲ್ಲಿದ್ದ, ಮುಳ್ಳುಮುಳ್ಳಾದ ಸಣ್ಣ ಜೀವಿಗಳ ಸಿಪ್ಪೆ. ಯಾವ ಪದರದಲ್ಲಿ ಯಾವುದು ಸಿಗುತ್ತದೆಂದು ಗೊತ್ತಿದ್ದರೆ ಯಂತ್ರ ಈಗ ಎಲ್ಲಿದೆ ಎಂದು ಹೇಳಬಹುದು. ಕೆಳಗಿನ ಜೇಡಿಕಲ್ಲಿನಲ್ಲಿ ಇದ್ದಷ್ಟು ಹೊತ್ತು ಜೀವಕ್ಕೆ ತೊಂದರೆಯಿಲ್ಲ, ಅದು ನೀರು ಬಿಡುವುದಿಲ್ಲ. ಅದರ ಮೇಲೆ ಒಡಕು ಮರಳುಗಲ್ಲು. ಅದರ ಮೇಲೆ ಸರೋವರ.

ಸುರಂಗದ ಗೋಡೆಯಲ್ಲಿ ಜಿನುಗುವ ನೀರನ್ನೂ ದಿನಾ ನೋಡುತ್ತಿದ್ದೆ. ಎಲ್ಲ ಸುರಂಗವೂ ಒಂದಿಷ್ಟು ಜಿನುಗುತ್ತದೆ. ಆ ನೀರು ಕಲ್ಲಿನೊಳಗೇ ಇದ್ದ ಹಳೆಯ ನೀರೋ, ಮೇಲಿನ ಸರೋವರದ್ದೋ ಎಂಬುದೇ ಪ್ರಶ್ನೆ. ಇಲ್ಲಿ ಪೈನ್ ಮರದ ಪರಾಗ ನನಗೆ ಸಹಾಯಕ್ಕೆ ಬರುತ್ತಿತ್ತು. ಅದರದು ಎರಡೂ ಕೆನ್ನೆ ಉಬ್ಬಿಸಿಕೊಂಡ ಮಗುವಿನ ಮುಖದಂಥ ಆಕಾರ. ಆ ಜಾತಿಯ ಮರಗಳು ಆಗಲೂ ಇದ್ದವು, ಈಗಲೂ ಇವೆ. ಮುಖ ಒಂದೇ. ಆದರೆ ಕಲ್ಲಿನಲ್ಲಿದ್ದದ್ದು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿ ಒಳಗೆ ಖಾಲಿಯಾಗಿರುತ್ತದೆ. ಈ ವರ್ಷದ್ದು ತಿಳಿಹಳದಿ, ಒಳಗೆ ಜೀವರಸ ತುಂಬಿಕೊಂಡಿರುತ್ತದೆ. ಇನ್ನೂ ಒಂದು ವಿಷಯ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಇಳಿದು ಬರುವ ನೀರು ಬಟ್ಟೆಯಲ್ಲಿ ಸೋಸಿದ ಹಾಗೆ ಬರುತ್ತದೆ, ಅದರಲ್ಲಿ ಪರಾಗ ದಾಟಲಾರದು. ಸೋರುವ ನೀರಿನಲ್ಲಿ ಹೊಸ ಪರಾಗ ಕಂಡಿತೆಂದರೆ ಮೇಲಿನ ತನಕ ಬಿರುಕು ಬಾಯಿಬಿಟ್ಟಿದೆ ಎಂದೇ ಅರ್ಥ.

ಅಂಥದ್ದು ಒಮ್ಮೆ ಕಂಡಿತ್ತು. ಆಗ ನಾನು ಬೊಬ್ಬೆ ಹೊಡೆದು ಕೆಲಸ ನಿಲ್ಲಿಸಿದ್ದೆ, ಒಂದು ವಾರ ಎಲ್ಲರೂ ಕೈಕಟ್ಟಿ ಕೂತಿದ್ದರು. ಕೊನೆಗೆ ತಿಳಿದದ್ದೇನೆಂದರೆ ಮುಖ್ಯ ಎಂಜಿನಿಯರ ಹೆಂಡತಿ ಗಂಡನ ಆಫೀಸಿಗೆಂದು ಕಳಿಸಿದ ಹೂಕುಂಡವನ್ನು ಯಾರೋ ಪುಣ್ಯಾತ್ಮರು ನಮ್ಮ ಬಾಟಲಿಗಳನ್ನಿಡುವ ಕಪಾಟಿನ ಪಕ್ಕದಲ್ಲಿಟ್ಟಿದ್ದರು, ಅದರ ಮಣ್ಣಿಗೆ ಪೈನ್ ಕಾಡಿನ ತರಗು ಹಾಕಿದ್ದರು. ಅಲ್ಲಿಂದ ಮುಂದೆ ಸುರಂಗದವರ ಬಾಯಲ್ಲಿ ನಾನು "ಧೂಳಕ್ಕ" ಆದೆ. ಮುಖ್ಯ ಎಂಜಿನಿಯರ್ ಕೆಟ್ಟವರಲ್ಲ, ಆದರೆ ಮೇಲಿನವರಿಂದ ಬೈಸಿಕೊಂಡು ಬೆಂದಿದ್ದರು. ತಮ್ಮನ ಎದುರಿಗೇ ನನಗೆ ಹೇಳಿದರು: "ಇನ್ನೊಂದ್ಸಲ ಹೀಗಾದ್ರೆ ಈ ಲ್ಯಾಬೇ ಬೇಡ ಅಂತಾರೆ ಮೇಡಂ. ಆಮೇಲೆ ನನ್ನ ಕೈಲೂ ಏನೂ ಇರಲ್ಲ." ತಮ್ಮ ತಲೆ ತಗ್ಗಿಸಿ ಬೂಟಿನ ಕೆಸರು ನೋಡುತ್ತಿದ್ದ. ನನಗಿಂತ ಹೆಚ್ಚು ಅವನಿಗೆ ಚುಚ್ಚಿತೆಂದು ನನಗಾಗ ಹೊಳೆಯಲಿಲ್ಲ.

ಮತ್ತೆ ಹಾಗಾಗಬಾರದೆಂದು ನಾನು ಒಂದು ಉಪಾಯ ಮಾಡಿದೆ. ಸೋರುವ ನೀರು ಹಿಡಿಯುವ ಬಾಟಲಿಯ ಜೊತೆಗೆ ಶುದ್ಧ ನೀರಿನ ಇನ್ನೊಂದು ಬಾಟಲಿಯನ್ನೂ ಒಳಗೆ ಕಳಿಸುತ್ತಿದ್ದೆ. ಅದಕ್ಕೆ "ಸಾಕ್ಷಿ" ಎಂದು ಚೀಟಿ. ಅದರ ಮುಚ್ಚಳ ತೆಗೆಯುವುದೂ ಹಾಕುವುದೂ ಮೊದಲನೆಯದರ ಜೊತೆಗೇ. ಗಾಳಿಯಿಂದಲೋ ಬಟ್ಟೆಯಿಂದಲೋ ಪರಾಗ ಬಿದ್ದರೆ ಎರಡರಲ್ಲೂ ಬೀಳಬೇಕು. ಒಂದರಲ್ಲೇ ಇದ್ದರೆ ಅದು ನೀರಿನದೇ. ದಿನಾ ಬೆಳಗ್ಗೆ ತಂಡ ಕೆಲಸಕ್ಕೆ ಇಳಿಯುವ ಮೊದಲೇ ಒಳಗೆ ಹೋಗಿ ಇವನ್ನು ಹಿಡಿದು ತರುವ ಕೆಲಸ ತಮ್ಮನದು.

ಪೈನ್ ಮರಗಳು ಹೂಬಿಡುವ ಕಾಲ ಬಂತು. ಸರೋವರದ ಸುತ್ತಲಿನ ಕಾಡಿನಿಂದ ಹಳದಿ ಧೂಳು ಹಾರಿ ಕಿಟಕಿ, ಕಾರು, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೂತಿತ್ತು. ಸರೋವರದ ದಂಡೆಯಲ್ಲಿ ನೀರಿನ ಮೇಲೆ ಹಳದಿ ಕೆನೆ ಕಟ್ಟಿತ್ತು. ಅಂಥದೊಂದು ಬೆಳಗ್ಗೆ ತಮ್ಮ ತಂದಿಟ್ಟುಹೋದ ಎರಡು ಬಾಟಲಿಗಳನ್ನು ನೋಡಲು ಕೂತೆ. ಮೊದಲು ಸಾಕ್ಷಿ. ಅದರಲ್ಲಿ ಏನೂ ಇರಲಿಲ್ಲ, ಕನ್ನಡಿಯ ಹಾಗೆ ಶುಭ್ರ. ಆಮೇಲೆ ಸೋರಿದ ನೀರಿನದು.

ಕೆನ್ನೆ ಉಬ್ಬಿಸಿಕೊಂಡ ಮುಖವೊಂದು ನನ್ನನ್ನೇ ನೋಡುತ್ತಿತ್ತು. ತಿಳಿಹಳದಿ. ಒಳಗೆ ತುಂಬಿತ್ತು. ಗಾಜನ್ನು ಸ್ವಲ್ಪ ಸರಿಸಿದೆ. ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು, ಅದರ ಆಚೆ ಹಸಿರು ಪಾಚಿಯ ಒಂದು ಎಳೆ, ಬೆಳಕು ಕಾಣದೆ ಬದುಕಲಾರದ ಪಾಚಿ. ಎದ್ದು ನಿಂತೆ, ಮತ್ತೆ ಕೂತೆ, ಮತ್ತೆ ನೋಡಿದೆ. ಕಣ್ಣು ಮುಚ್ಚಿ ತೆಗೆದರೆ ಹೋಗಿಬಿಡುತ್ತವೇನೋ ಎಂದು ಹುಚ್ಚಿಯ ಹಾಗೆ ಅದನ್ನೂ ಮಾಡಿದೆ. ಅವು ಹೋಗಲಿಲ್ಲ.

ಮುಖ್ಯ ಎಂಜಿನಿಯರ ಕೋಣೆಗೆ ಓಡಿದೆ. ತಂಡ ಒಳಗೆ ಹೋಗಲು ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ನಿಂತಿತ್ತು. ನಾನು ಹೇಳಿದ್ದು ಕೇಳಿ ಎಂಜಿನಿಯರ ಮುಖ ಬಾಡಿತು, ಆದರೂ ತಂಡವನ್ನು ನಿಲ್ಲಿಸಿದರು. ತಮ್ಮನನ್ನೂ, ತಂಡದ ಮುಖ್ಯಸ್ಥನಾದ ಮೇಸ್ತ್ರಿಯನ್ನೂ ಒಳಗೆ ಕರೆದರು.

"ಈ ನೀರು ಹಿಡಿದಿದ್ದು ನೀನೇ ತಾನೆ? ಎಲ್ಲಾ ಸರಿಯಾಗಿ ಮಾಡಿದ್ಯಾ?"

ತಮ್ಮ ನನ್ನ ಮುಖ ನೋಡಿದ. ಎಂಜಿನಿಯರ ಮುಖ ನೋಡಿದ. ಆಮೇಲೆ ತಲೆ ಕೆರೆದುಕೊಂಡು ಹಲ್ಲು ಕಿರಿದ.

"ಒಂದು ತಪ್ಪಾಯ್ತು ಸರ್. ಸೋರೋ ನೀರಿನ ಬಾಟ್ಲಿ ಕೆಸರಾಗಿತ್ತು. ಹೊರಗಿರೋ ತೊಟ್ಟಿ ನೀರಲ್ಲಿ ಒಂದ್ಸಲ ಜಾಲಾಡಿಸಿ ತೊಳೆದೆ. ಒಳಗೂ ಸ್ವಲ್ಪ ಹೋಗಿರ್ಬೇಕು."

ಹೊರಗಿನ ತೊಟ್ಟಿಗೆ ಮುಚ್ಚಳವಿಲ್ಲ. ಆ ದಿನಗಳಲ್ಲಿ ಅದರ ಮೇಲೆಲ್ಲ ಹಳದಿ. ಪಾಚಿಯೂ ಬೇಕಾದಷ್ಟು. ಎಲ್ಲವೂ ಒಂದೇ ಮಾತಿನಲ್ಲಿ ಸರಿಹೋಯಿತು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಧೂಳಕ್ಕ, ನಿಮ್ಮ ತಮ್ಮನ್ನ ಮೊದ್ಲು ಆಸಿಡ್ಡಲ್ಲಿ ಹಾಕಿ ನೋಡ್ರೀ." ಎಂಜಿನಿಯರ್ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ನಾನೋ, ತಮ್ಮನಿಗೆ ಅಲ್ಲೇ ಗ್ರಹಚಾರ ಬಿಡಿಸಿದೆ. ಬುದ್ಧಿ ಇದೆಯಾ ನಿನಗೆ, ತಲೆಯೊಳಗೆ ಇರುವುದು ಮಿದುಳೋ ಜೇಡಿಕಲ್ಲೋ ಎಂದೆಲ್ಲ ಕೂಗಾಡಿದೆ. ಒಳಗೊಳಗೆ ಮಾತ್ರ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಿರುಕು ಇಲ್ಲ, ನೀರು ಬರುವುದಿಲ್ಲ, ಅವನಿಗೆ ಏನೂ ಆಗುವುದಿಲ್ಲ. ಬೈಸಿಕೊಳ್ಳುತ್ತ ನಿಂತ ಅವನ ಮುಖವನ್ನು ಮುದ್ದಿಸಬೇಕು ಎನಿಸಿತ್ತು.

ತಂಡ ಸಣ್ಣ ರೈಲಿನ ಡಬ್ಬಿ ಹತ್ತಿ ಒಳಗೆ ಹೋಯಿತು. ನಾನು ಲ್ಯಾಬಿಗೆ ಬಂದು ಚಹಾ ಮಾಡಿಕೊಂಡು, ಆಮೇಲೆ ಗಾಜುಗಳನ್ನೂ ಬಾಟಲಿಗಳನ್ನೂ ತೊಳೆಯಲು ಸಿಂಕಿನ ಮುಂದೆ ನಿಂತೆ. ಕೈ ಕೆಲಸ ಮಾಡುತ್ತಿದ್ದರೆ ನನ್ನ ಬಾಯಿಯೂ ಸುಮ್ಮನಿರುವುದಿಲ್ಲ, ಒಬ್ಬಳೇ ಇದ್ದರೂ ಗೊಣಗುತ್ತೇನೆ.

"ತೊಳೆದನಂತೆ, ಮಹಾರಾಯ! ಹುಟ್ಟಿದಾಗಿಂದ ಉಂಡ ತಟ್ಟೆ ತೊಳೆದೋನಲ್ಲ. ಕುಡಿದ ಲೋಟ ಎತ್ತಿಟ್ಟೋನಲ್ಲ. ಇವತ್ತು ಬಾಟ್ಲಿ ತೊಳೆಯೋಕೆ..."

ಗೊಣಗಾಟ ಅಲ್ಲಿಗೇ ನಿಂತಿತು. ಕೈಯೂ ನಿಂತಿತು.

ಹುಟ್ಟಿದಾಗಿಂದ ತಟ್ಟೆ ತೊಳೆಯದವನು ಕೆಸರಾಯಿತೆಂದು ಬಾಟಲಿ ತೊಳೆಯುತ್ತಾನೆಯೇ? ಕೆಸರು ಅವನ ಕಣ್ಣಿಗೆ ಯಾವತ್ತು ಕಂಡಿತ್ತು? ಮನೆಯ ನೆಲದ ತುಂಬ ಬೂಟಿನ ಗುರುತು ಮಾಡಿ, ಎಲ್ಲಿ ಕೆಸರು ಎಂದು ಕೇಳುವವನು ಅವನು. ಮೇಜಿನ ಮೇಲಿದ್ದ ಬಾಟಲಿಯನ್ನು ಎತ್ತಿಕೊಂಡೆ. ಅದರ ಮೈತುಂಬ ಸುರಂಗದ ಬೂದು ಜೇಡಿ ಒಣಗಿ ಹಕ್ಕಳೆ ಕಟ್ಟಿತ್ತು. ಚೀಟಿಯ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಅದರಡಿಯಲ್ಲಿ ನಾನು ಶಾಯಿಯಲ್ಲಿ ಬರೆದ ಅಕ್ಷರಗಳು ಒಂದಿಷ್ಟೂ ಹರಡಿರಲಿಲ್ಲ, ನೀರಿನ ಹನಿ ಬಿದ್ದರೂ ಹರಡುವ ಶಾಯಿ ಅದು. ಆ ಬಾಟಲಿಯನ್ನು ಯಾರೂ ತೊಳೆದಿರಲಿಲ್ಲ.

ತಮ್ಮ ಸುಳ್ಳು ಹೇಳಿದ್ದ. ಯಾಕೆಂದು ಮರುಕ್ಷಣ ತಿಳಿಯಿತು. ಅಕ್ಕ ಮತ್ತೆ ಹೂಕುಂಡ ನೋಡಿ ಹೆದರಿದ್ದಾಳೆ, ಈ ಸಲ ಇವಳನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದಾನೆ. ನನ್ನ ಮರ್ಯಾದೆ ಉಳಿಸಲು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾನೆ. ಕಟ್ಟಿಕೊಂಡು ಆ ಬಿರುಕಿನ ಕೆಳಗೇ ಹೋಗಿ ಕೂತಿದ್ದಾನೆ.

ಅಂಗಳ ದಾಟಿದ್ದು ನನಗೆ ನೆನಪಿಲ್ಲ. ಬಾಟಲಿಯನ್ನು ಎಂಜಿನಿಯರ ಮೇಜಿನ ಮೇಲೆ ಕುಕ್ಕಿದೆ.

"ತೊಳೆದಿಲ್ಲ ಸರ್. ನೋಡಿ. ತೊಳೆದೇ ಇಲ್ಲ. ಎಲ್ಲರನ್ನೂ ಹೊರಗೆ ಕರೀರಿ."

"ಮೇಡಂ, ಅವನೇ ಹೇಳಿದ್ನಲ್ಲ? ನಿಮ್ಮೆದುರಿಗೇ?"

"ಸುಳ್ಳು ಹೇಳಿದಾನೆ. ಅವನು ಏನನ್ನೂ ತೊಳೆಯೋನಲ್ಲ ಸರ್. ನಂಗೊತ್ತು."

ಇದು ಎಂಥ ಪುರಾವೆ ಎಂಬಂತೆ ಅವರು ನನ್ನನ್ನು ನೋಡಿದರು. ಅವರದೂ ತಪ್ಪಲ್ಲ. ಆದರೂ ಹೋಗಲಿ ಎಂದು ಸುರಂಗದ ಫೋನು ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿದರು. ಆ ಕಡೆಯಿಂದ ಯಂತ್ರದ ಮೊರೆತ, ನಡುವೆ ತಮ್ಮನ ದನಿ.

"ಹೇಳಿ ಸರ್."

"ನಿಮ್ಮಕ್ಕ ಇಲ್ಲಿದಾರೆ. ಬಾಟ್ಲಿ ತೊಳೆದಿದ್ದು ನಿಜಾನಾ ಅಂತ ಕೇಳ್ತಿದಾರೆ."

"ಅಯ್ಯೋ, ತೊಳೆದೆ ಸರ್. ಎಷ್ಟು ಸಲ ಹೇಳ್ಲಿ? ಅಕ್ಕನ್ನ ಮನೆಗೆ ಕಳ್ಸಿ, ಚೆನ್ನಾಗಿ ಮಲಗ್ಲಿ." ಹಿಂದೆ ಯಾರೋ ನಗುವುದು ಕೇಳಿಸಿತು.

ಇನ್ನು ಬಾಟಲಿ, ಪರಾಗ, ಪಾಚಿ ಎಂದು ಏನು ಹೇಳಿದರೂ ಅವನು ಒಪ್ಪುವುದಿಲ್ಲ ಎಂದು ತಿಳಿಯಿತು. ಅವನ ಪಾಲಿಗೆ ಅದೆಲ್ಲ ನನ್ನ ಹೆದರಿಕೆ. ಎಂಜಿನಿಯರ ಕೈಯಿಂದ ಫೋನು ಕಿತ್ತುಕೊಂಡೆ.

"ಹಾಲು ಉಕ್ತಾ ಇದೆ ಕಣೋ," ಎಂದೆ.

ಎಂಜಿನಿಯರ್ ಕಣ್ಣರಳಿಸಿದರು. "ಯಾವ ಹಾಲು?"

ಆ ಕಡೆ ಯಂತ್ರ ಮೊರೆಯುತ್ತಲೇ ಇತ್ತು. ಅವನಿಗೆ ನೆನಪಿಲ್ಲವೇನೋ. ಮರ ಹತ್ತಿದ ಹುಡುಗ ಎಲ್ಲಿ, ಈ ಗಡ್ಡ ಬಂದ ಗಂಡಸೆಲ್ಲಿ? ಮತ್ತೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಂತ್ರದ ಸದ್ದು ನಿಂತಿತು.

"ಮೇಸ್ತ್ರಿ, ನಡೀರಿ. ಎಲ್ಲರೂ ನಡೀರಿ." ಅವನು ಫೋನನ್ನು ಕೆಳಗಿಡದೆ ಬಿಟ್ಟುಬಿಟ್ಟಿದ್ದ, ಎಲ್ಲವೂ ಕೇಳಿಸುತ್ತಿತ್ತು.

"ಏನಾಯ್ತೋ ನಿಂಗೆ?"

"ನಾನು ಬಾಟ್ಲಿ ತೊಳೆದಿರ್ಲಿಲ್ಲ. ಸುಳ್ಳು ಹೇಳ್ದೆ. ಬೈಯೋದು ಹೊರಗೆ ಹೋಗಿ ಬೈರಿ, ಈಗ ನಡೀರಿ ಅಂದ್ನಲ್ಲ!"

ಬೂಟುಗಳ ಸದ್ದು, ಯಾರೋ ಎಡವಿ ಬೈದದ್ದು, ಡಬ್ಬಿಯ ಗಾಲಿಗಳ ಕಿರುಗುಟ್ಟುವಿಕೆ. ಆಮೇಲೆ ಯಾರೂ ಇಲ್ಲದ ಸುರಂಗದ ಸದ್ದು. ಟಪ್, ಟಪ್ ಎಂದು ಹನಿ ಬೀಳುತ್ತಿತ್ತು. ನಾನೂ ಎಂಜಿನಿಯರೂ ಫೋನಿನ ಮೇಲೆ ಬಗ್ಗಿ ನಿಂತಿದ್ದೆವು. ಹನಿ ಧಾರೆಯಾಯಿತು. ನೋಡುತ್ತಿದ್ದ ಹಾಗೆ ಅವರ ಹಣೆಯಲ್ಲಿ ಬೆವರು ಮೂಡಿತು. ದಪ್ಪ ಬಟ್ಟೆ ಹರಿದಂತೆ ಉದ್ದಕ್ಕೆ ಒಂದು ಸದ್ದು ಬಂತು, ಅದರ ಹಿಂದೆ ಮೊರೆತ. ಯಂತ್ರದ್ದಲ್ಲ. ಫೋನು ಸತ್ತಿತು.

ಅವರು ಸೈರನ್ನಿಗೆ ಓಡಿದರು, ನಾನು ಸುರಂಗದ ಬಾಯಿಗೆ. ಡಬ್ಬಿ ಹೊರಗೆ ಬಂದು ನಿಲ್ಲುವ ಮೊದಲೇ ಜನ ಕೆಳಗೆ ಹಾರಿದರು. ಮೇಸ್ತ್ರಿ ಬಿಳುಚಿಕೊಂಡಿದ್ದ. ನಾನು ಒಂದೊಂದೇ ಹೆಲ್ಮೆಟ್ಟಿನ ಕೆಳಗೆ ಬಗ್ಗಿ ನೋಡಿದೆ. ತಮ್ಮ ಇರಲಿಲ್ಲ.

"ಎಲ್ಲಿ ಅವನು?"

"ನಡುವಿರೋ ನೀರು ತಡೆಯೋ ಕಬ್ಬಿಣದ ಬಾಗಿಲು ಹಾಕಿ ಬರ್ತೀನಿ, ನೀವು ನಡೀರಿ ಅಂದ ಅಕ್ಕ. ಹಾಕ್ದಿದ್ರೆ ನಾವ್ಯಾರೂ..." ಮೇಸ್ತ್ರಿ ಸುರಂಗದ ಕಡೆ ತಿರುಗಿ ನೋಡಿದ. "ಧೂಳಕ್ಕ" ಎಂದು ಅವನು ಕರೆಯಲಿಲ್ಲ ಎಂಬುದು ಮಾತ್ರ ಯಾಕೋ ಕಿವಿಗೆ ಬಿತ್ತು.

ನಾನು ಒಳಗೆ ಹೋದೆ. ಧೈರ್ಯ ಬಂತು ಎಂದೆಲ್ಲ ಹೇಳಿದರೆ ಅದು ಶುದ್ಧ ಸುಳ್ಳು. ನನ್ನ ಬಾಯಿಂದ ಸಣ್ಣ ನಾಯಿಮರಿಯಂಥ ಸದ್ದು ಬರುತ್ತಿರುವುದು ನನಗೇ ಕೇಳುತ್ತಿತ್ತು. ಹಿಂದಿನಿಂದ ಯಾರೋ ಕೂಗಿದರು. ಗೋಡೆಯ ದೀಪಗಳು ಒಂದು ಕಡೆಯಿಂದ ಆರುತ್ತ ಬಂದವು. ಆಮೇಲೆ ಏನೋ ತಣ್ಣಗೆ ಪಾದಕ್ಕೆ ತಗುಲಿತು.

ನೀರು. ಹೆಚ್ಚಿರಲಿಲ್ಲ, ಹಿಮ್ಮಡಿಯಷ್ಟು. ಹಳಿಗಳ ನಡುವೆ ತೆವಳುತ್ತ ಬರುತ್ತಿತ್ತು. ಕೊನೆಯ ದೀಪದ ಬೆಳಕಿನಲ್ಲಿ ಅದರ ಮೇಲೆ ತೇಲುವುದು ಕಾಣಿಸಿತು. ಹಳದಿ ಕೆನೆ. ಬೆಳಗ್ಗೆ ಗಾಜಿನ ಕೆಳಗೆ ಒಂದೊಂದಾಗಿ ಕಂಡ ಆ ಮುಖಗಳೇ ಈಗ ಲೆಕ್ಕವಿಲ್ಲದಷ್ಟಾಗಿ ನನ್ನ ಕಾಲ ಸುತ್ತ ಸುತ್ತುತ್ತಿದ್ದವು.

"ಲೋ!" ಎಂದು ಕಿರುಚಿದೆ. ಸುರಂಗ ಅದನ್ನೇ ಮತ್ತೆ ಮತ್ತೆ ಹೇಳಿತು. ನೀರು ಮೊಣಕಾಲಿನ ಕಡೆಗೆ ಏರುತ್ತಿತ್ತು. ಇನ್ನೊಮ್ಮೆ ಕಿರುಚಿದೆ. ದೂರದಲ್ಲಿ ಧಡಾರ್ ಎಂದು ಕಬ್ಬಿಣ ಬಡಿಯಿತು, ಗಾಳಿಯ ಅಲೆಯೊಂದು ಮುಖಕ್ಕೆ ಹೊಡೆಯಿತು. ಏರುತ್ತಿದ್ದ ನೀರು ಅಲ್ಲೇ ತಡೆಯಿತು. ಬಾಗಿಲು ಹಾಕಿಕೊಂಡಿತ್ತು. ಅವನು ಅದರ ಯಾವ ಕಡೆ ಇದ್ದಾನೆ ಎಂಬುದೊಂದೇ ಉಳಿದಿತ್ತು. ಆ ಹೊತ್ತು ನಾನು ಉಸಿರಾಡಿದೆನೋ ಇಲ್ಲವೋ ಹೇಳಲಾರೆ.

ಒಂದು ಸಣ್ಣ ಬೆಳಕು ಅಲ್ಲಾಡುತ್ತ ಬಂತು. ಹೆಲ್ಮೆಟ್ಟಿನ ದೀಪ. ಅದರ ಕೆಳಗೆ ತಮ್ಮ, ಸೊಂಟದವರೆಗೆ ತೊಯ್ದು, ಕುಂಟುತ್ತ.

"ಅಕ್ಕಾ? ನೀನು ಒಳಗೆ ಬಂದ್ಯಾ?"

ಕೈಯೆತ್ತಿ ಅವನ ಕೆನ್ನೆಗೆ ಹೊಡೆದೆ. ಮತ್ತೆ ಹೊಡೆಯಲು ಕೈ ಎತ್ತಿದವಳು ಅವನ ಅಂಗಿ ಹಿಡಿದುಕೊಂಡು ಅಳತೊಡಗಿದೆ. ಅವನು ಒಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಹೊರಗೆ ನಡೆದ. ಸುರಂಗದ ಬಾಯಿಯ ಹತ್ತಿರ ಬೆಳಕಿಗೆ ಬಂದಾಗ ಬಗ್ಗಿ ಕಾಲಿನ ಸುತ್ತಲಿನ ನೀರು ನೋಡಿದ.

"ಇದೇನಾ ಅದು? ನೀನು ನೋಡಿದ್ದು?"

"ಇದೇ."

"ಇಷ್ಟು ಚೆನ್ನಾಗಿ ಕಾಣುತ್ತಲ್ಲ," ಎಂದ. ಅವನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಮನೆಯಲ್ಲಿ ಇಬ್ಬರೂ ಊಟಕ್ಕೆ ಕೂತೆವು. ನಾನು ಇನ್ನೂ ತಟ್ಟೆಯ ಮುಂದೆ ಕೂತಿರುವಾಗಲೇ ಅವನು ಎದ್ದ. ತನ್ನ ತಟ್ಟೆಯನ್ನೂ ಲೋಟವನ್ನೂ ಎತ್ತಿಕೊಂಡು ಕುಂಟುತ್ತ ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಮೊದಲು ಟಪ್ ಟಪ್ ಎಂದು ಹನಿ, ಆಮೇಲೆ ಧಾರೆ.

ನನ್ನ ಕೈಯಿಂದ ತುತ್ತು ಜಾರಿತು. ಕುರ್ಚಿಯ ಅಂಚು ಹಿಡಿದುಕೊಂಡೆ.

"ನಿಲ್ಸೋ ಅದನ್ನ," ಎಂದೆ.

ನೀರು ನಿಲ್ಲಲಿಲ್ಲ. ಎದ್ದು ಹೋಗಿ ನೋಡಿದೆ. ತಮ್ಮ ತಟ್ಟೆ ಕೈಯಲ್ಲಿ ಹಿಡಿದು, ಬೀಳುವ ನೀರಿನಿಂದ ದೂರ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ನಲ್ಲಿಯ ಹತ್ತಿರ ಹೋಗಲು ಅವನಿಗೆ ಆಗುತ್ತಿರಲಿಲ್ಲ.

ನಾನೇ ಹೋಗಿ ನಿಲ್ಲಿಸಿದೆ. ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡೆ.

"ಇರ್ಲಿ ಬಿಡು," ಎಂದೆ. "ನಾನು ತೊಳೀತೀನಿ."